ಜಿಡಿಪಿ ಲೆಕ್ಕದಲ್ಲಿ ನಾನೆಲ್ಲಿ?

ಪ್ರಶ್ನೆ: ಜಿಡಿಪಿ ಏರಿತು ಅಂತ ಟೀವಿಯಲ್ಲಿ ಹೇಳುತ್ತಲೇ ಇರುತ್ತಾರೆ. ನಾನು ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ಮನೆಯಲ್ಲಿ ದುಡಿಯುತ್ತೇನೆ. ಆ ಲೆಕ್ಕದಲ್ಲಿ ನಾನೆಲ್ಲಿದ್ದೇನೆ? ಭೂತಾನ್‌ನಲ್ಲಿ ಜನರ ಸಂತೋಷವನ್ನೇ ಅಳೆಯುತ್ತಾರಂತೆ. ನಿಜವಾ, ಸುಮ್ನೆ ಪ್ರಚಾರವಾ?
– ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ಜಿಡಿಪಿ ಅಂದರೆ ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾಗುವ ಸರಕು, ಸೇವೆಗಳ ಒಟ್ಟು ಬೆಲೆ. ಆ ಲೆಕ್ಕದಲ್ಲಿ ನಿಮ್ಮ ದುಡಿಮೆ ಇಲ್ಲ. ನೀವು ಮಾಡಿದ ಸಾರು ಜಿಡಿಪಿಗೆ ಸೇರುವುದಿಲ್ಲ, ಅದನ್ನೇ ಹೋಟೆಲಿನಿಂದ ತರಿಸಿದರೆ ಸೇರುತ್ತದೆ. ಇದು ನನಗೆ ಇವತ್ತಿಗೂ ಬೇಜಾರಿನ ಸಂಗತಿ.

ಭೂತಾನ್ ಮಾತು ನಿಜ. 1970ರ ದಶಕದಲ್ಲಿ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಶುರುಮಾಡಿದ ವಿಚಾರ 2008ರಲ್ಲಿ ಅಲ್ಲಿನ ಸಂವಿಧಾನಕ್ಕೇ ಸೇರಿತು. ‘ಖುಷಿಯಾಗಿದ್ದೀರಾ’ ಅಂತ ಒಂದು ಮಾತು ಕೇಳಿ ಎದ್ದು ಬರುವುದಿಲ್ಲ ಅಲ್ಲಿನ ಸಮೀಕ್ಷೆಯವರು. 9 ವಿಭಾಗ, 33 ಅಂಶ ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ, ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ, ಅಕ್ಕಪಕ್ಕದವರ ಮೇಲೆ ನಂಬಿಕೆ ಇದೆಯಾ, ಆರೋಗ್ಯ ಹೇಗಿದೆ, ಮನೆಯ ಆದಾಯ ಎಷ್ಟು, ಎಲ್ಲವನ್ನೂ ಕೇಳುತ್ತಾರೆ. ದುಡ್ಡನ್ನು ಬಿಟ್ಟಿಲ್ಲ ನೋಡಿ. ನಿಮಗೆ ಬೇಕಾದ ವಿಷಯ ಇದು: ಕೆಲಸದ ಗಂಟೆ ಎಣಿಸುವಾಗ ಮಕ್ಕಳನ್ನು ನೋಡಿಕೊಳ್ಳುವಂಥ ಸಂಬಳವಿಲ್ಲದ ಕೆಲಸವನ್ನೂ ಸೇರಿಸುತ್ತಾರೆ, ಒಟ್ಟು 8 ಗಂಟೆ ದಾಟಿದರೆ ಅದನ್ನು ಕೊರತೆ ಅಂತಲೇ ಬರೆದುಕೊಳ್ಳುತ್ತಾರೆ.

ಹೊಸ ಸರ್ಕಾರಿ ನೀತಿಗಳನ್ನೂ ಇಂಥ ಪ್ರಶ್ನೆಗಳಿಟ್ಟು ಜರಡಿ ಹಿಡಿಯುವ ಕ್ರಮ ಮಾಡಿಕೊಂಡರು. ಹಾಗಂತ ಅಲ್ಲಿ ಎಲ್ಲವೂ ಸರಿಯಾಗಿದೆ ಅಂತಲ್ಲ. ಕೆಲಸ ಸಾಲದೆ ಎಷ್ಟೋ ಯುವಕ ಯುವತಿಯರು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಅದಕ್ಕೇ ನಾನು ಜಿಡಿಪಿ ಬೇಡ ಅನ್ನುವವನಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕವೂ ಇರಲಿ, ಬಜೆಟ್ ಬರೆಯುವವರು ಎರಡನ್ನೂ ನೋಡಲಿ, ಅಷ್ಟೇ. ಮನೆಗೆ ನಲ್ಲಿ ನೀರು ಬಂದರೆ, ಅಂಗನವಾಡಿ ಸಂಜೆಯವರೆಗೆ ತೆರೆದಿದ್ದರೆ ಹೆಂಗಸರಿಗೆ ಎಷ್ಟು ಹೊತ್ತು ಉಳಿಯಿತು ಅನ್ನೋದೂ ಲೆಕ್ಕವೇ ಅಲ್ವಾ?

ಹೀಗೆ ಹೊತ್ತನ್ನು ಎಣಿಸುವ ಲೆಕ್ಕ ನಮ್ಮಲ್ಲೂ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ದಿನದ ಹೊತ್ತು ಯಾವುದಕ್ಕೆ ಹೋಗುತ್ತದೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಮತ್ತೆ ಕೇಳಿದರು. ಹೆಂಗಸರದು 289ಕ್ಕೆ ಇಳಿದಿತ್ತು. ಆ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡಿರಬಹುದು ಅಂದುಕೊಂಡು ನೋಡಿದೆ. ಅವರದೂ 88ಕ್ಕೆ ಇಳಿದಿತ್ತು.