ಚಿಕಿತ್ಸೆಗೆ ಯಾವ ದೇಶ? ಓದುಗರ ಪ್ರಶ್ನೆ, ತಜ್ಞರ ಉತ್ತರ

ವಿದೇಶದಲ್ಲಿ ಚಿಕಿತ್ಸೆ ಕುರಿತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಬಿ-ಕೋಶದ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್). ಆರು ಸಲ ಕೀಮೋ ಆಗಿ ವರ್ಷದ ಹತ್ತಿರ ಚೆನ್ನಾಗಿದ್ದರು. ಈಗ ಕುತ್ತಿಗೆಯಲ್ಲಿ ಮತ್ತೆ ಗಡ್ಡೆ ಬಂದದ. ಹೈದರಾಬಾದಿನ ಡಾಕ್ಟರು ‘ಕಾರ್-ಟಿ’ ಅಂದರು. ಪರಿಚಯದ ಏಜೆಂಟ್ ಚೀನಾ ಅಗ್ಗ ಅಂತಾರ, ಅಮೆರಿಕದಲ್ಲಿರುವ ಸೋದರಮಾವ ಅಲ್ಲಿಗೇ ಬರ್ರಿ ಅಂತಾರ. ಹೊಲ ಮಾರೋ ಮಾತು ನಡೆದದ. ಯಾವ ದೇಶ ಒಳ್ಳೇದು ಹೇಳ್ರಿ.
– ಆಳಂದ ತಾಲ್ಲೂಕಿನ ಓದುಗರು

ಉತ್ತರ: ಹೊಲದ ಮಾತನ್ನು ಸದ್ಯಕ್ಕೆ ನಿಲ್ಲಿಸಿ. ಕಾರ್-ಟಿ, ಅಂದರೆ ರೋಗಿಯದೇ ಟಿ-ಕೋಶಗಳನ್ನು (ರೋಗನಿರೋಧಕ ಕೋಶ) ಬದಲಿಸಿ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ, ಭಾರತದಲ್ಲೇ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸಂಶೋಧನೆಯಿಂದ ಬಂದ ಕಾರ್-ಟಿ ಔಷಧ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. 2025ರ ಆರಂಭದಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಇಲ್ಲಿ ಖರ್ಚು 40 ಲಕ್ಷದ ಆಸುಪಾಸು. ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿ ಬಂದಾಗ ಔಷಧವೊಂದರದ್ದೇ ಬೆಲೆ 4.75 ಲಕ್ಷ ಡಾಲರ್. ಆಸ್ಪತ್ರೆಯ ಬಿಲ್ಲು ಬೇರೆ.

ದೇಶಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಮರುಕಳಿಸಿದ ಗಡ್ಡೆಯಿಂದ ಹೊಸದಾಗಿ ಬಯಾಪ್ಸಿ ತೆಗೆದಿದ್ದಾರೆಯೇ? ಅದರಲ್ಲಿ ಸಿಡಿ19 (ಬಿ-ಕೋಶದ ಮೈಮೇಲಿನ ಪ್ರೋಟೀನ್) ಗುರುತು ಇದೆಯೇ? ಈ ಔಷಧದ ಕೋಶಗಳು ಹುಡುಕಿ ಹೊಡೆಯುವುದು ಅದನ್ನೇ. ಇನ್ನೊಂದು, ‘ವರ್ಷದ ಹತ್ತಿರ’ ಎಂದು ಬರೆದಿದ್ದೀರಿ. ಇಲ್ಲಿ ತಾರೀಖು ಬೇಕು. ಮೊದಲ ಚಿಕಿತ್ಸೆ ಮುಗಿದು 12 ತಿಂಗಳೊಳಗೆ ಮರುಕಳಿಸಿದರೆ ಕಾರ್-ಟಿಯ ಕಡೆ ಒಲವು ಹೆಚ್ಚು. 12 ತಿಂಗಳ ನಂತರವಾಗಿದ್ದರೆ ಎರಡನೇ ಹಂತದ ಕೀಮೋ ಕೊಟ್ಟು, ಗಡ್ಡೆ ಕರಗಿದ ಮೇಲೆ ರೋಗಿಯ ಸ್ವಂತ ಕಾಂಡಕೋಶಗಳನ್ನೇ ಕಸಿ ಮಾಡುವ ದಾರಿ ಇನ್ನೂ ತೆರೆದಿರುತ್ತದೆ. ಅದು ಬೆಂಗಳೂರು, ಹೈದರಾಬಾದ್ ಎರಡೂ ಕಡೆ ಆಗುತ್ತದೆ, ಖರ್ಚೂ ಕಾರ್-ಟಿಗಿಂತ ಬಹಳ ಕಡಿಮೆ. ಡಿಸ್ಚಾರ್ಜ್ ಸಮರಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಇನ್ನೊಬ್ಬ ರಕ್ತರೋಗ ತಜ್ಞರಿಗೆ ತೋರಿಸಿ. ಟಾಟಾ ಮೆಮೋರಿಯಲ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ತಜ್ಞರ ಅಭಿಪ್ರಾಯವನ್ನು ‘ನವ್ಯ’ ಸೇವೆಯ ಮೂಲಕ ಮನೆಯಲ್ಲೇ ಕೂತು ಪಡೆಯಬಹುದು.

ಕಾರ್-ಟಿ ಎಂದರೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವ ಕೆಲಸವಲ್ಲ. ಏಜೆಂಟರು ಹೇಳದೆ ಬಿಡುವುದು ಇದನ್ನೇ. ಮೊದಲು ಯಂತ್ರದ ಮೂಲಕ ರಕ್ತದಿಂದ ಟಿ-ಕೋಶ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅವನ್ನು ಬದಲಿಸಿ ಬೆಳೆಸಲು ವಾರಗಳೇ ಬೇಕು. ಆ ನಡುವೆ ರೋಗ ಕೆರಳದಂತೆ ಬೇರೆ ಔಷಧ. ಆಮೇಲೆ ಮೂರು ದಿನ ಸಣ್ಣ ಕೀಮೋ, ನಂತರ ಕೋಶಗಳನ್ನು ಮರಳಿ ಏರಿಸುವುದು. ಮೊದಲ ಎರಡು ವಾರ ಜ್ವರ, ರಕ್ತದೊತ್ತಡ ಇಳಿಯುವುದು, ತೊದಲು, ಗೊಂದಲ ಬರಬಹುದು. ಅದಕ್ಕೆ ಟೊಸಿಲಿಜುಮ್ಯಾಬ್ ಎಂಬ ಔಷಧ ಮತ್ತು ಐಸಿಯು ಪಕ್ಕದಲ್ಲೇ ಇರಬೇಕು. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಬಿಳಿ ರಕ್ತಕಣ ಕಡಿಮೆ, ಸೋಂಕಿನ ಭಯ. ಇಷ್ಟೆಲ್ಲವನ್ನು ಭಾಷೆ ಬಾರದ ಊರಲ್ಲಿ ದುಭಾಷಿಯನ್ನು ಇಟ್ಟುಕೊಂಡು ನಡೆಸಿ, ಕೊನೆಗೆ ತೊಂದರೆಯಾದಾಗ ಹೈದರಾಬಾದಿನ ಡಾಕ್ಟರ ಮುಂದೆ ಚೀನೀ ಭಾಷೆಯ ಕಾಗದ ಹಿಡಿದು ನಿಲ್ಲುವುದರಲ್ಲಿ ನಮಗೇನೂ ಲಾಭ ಕಾಣುವುದಿಲ್ಲ.

ಹೊರದೇಶಕ್ಕೆ ಹೋಗುವುದು ಸರಿ ಎನ್ನಿಸುವುದು ಯಾವಾಗ? ಇಲ್ಲಿನ ಔಷಧಗಳು ಮುಗಿದು, ನಿಮ್ಮ ತಂದೆಯವರ ರೋಗಕ್ಕೇ ಹೊಂದುವ ಪ್ರಯೋಗಾತ್ಮಕ ಚಿಕಿತ್ಸೆ ಅಲ್ಲಿ ನಡೆಯುತ್ತಿದ್ದಾಗ. ಆಗಲೂ ಕ್ಲಿನಿಕಲ್ ಟ್ರಯಲ್‌ನ ನೋಂದಣಿ ಸಂಖ್ಯೆ ಕೇಳಿ. ಕಂಪನಿಗಳು ನಡೆಸುವ ಟ್ರಯಲ್‌ನಲ್ಲಿ ಪ್ರಯೋಗದ ಔಷಧಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ‘ದುಡ್ಡು ಕಟ್ಟಿದರೆ ಟ್ರಯಲ್‌ಗೆ ಸೇರಿಸುತ್ತೇವೆ’ ಎಂದರೆ ಫೋನ್ ಇಟ್ಟುಬಿಡಿ. ಅಮೆರಿಕದ ಬಿ-2 ವೀಸಾಕ್ಕೆ ಅಲ್ಲಿನ ವೈದ್ಯರು ಚಿಕಿತ್ಸೆ, ಅವಧಿ, ಖರ್ಚು ಬರೆದುಕೊಟ್ಟ ಪತ್ರವೂ ದುಡ್ಡಿನ ಪುರಾವೆಯೂ ಬೇಕು. ಮಾವನ ಆಹ್ವಾನ ಪತ್ರವೊಂದೇ ಸಾಲದು.

ಅಭಿಪ್ರಾಯಕ್ಕೆ ಬಯಾಪ್ಸಿ ಕಳಿಸುವಾಗ ವರದಿಯ ಜೆರಾಕ್ಸ್ ಸಾಲದು, ಗಡ್ಡೆಯ ತುಣುಕು ಹುದುಗಿಸಿದ ಮೇಣದ ಬ್ಲಾಕ್ ಮತ್ತು ಬಣ್ಣ ಹಾಕದ ಸ್ಲೈಡ್‌ಗಳು ಬೇಕು. ಆ ಮೇಣ ಕರಗುವುದು 56ರಿಂದ 60 ಡಿಗ್ರಿಯಲ್ಲಿ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇದ್ದಾಗ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಸುಲಭವಾಗಿ ಅಷ್ಟು ಕಾಯುತ್ತದೆ. ಮೇಣ ಮೆತ್ತಗಾಗಿ ತುಣುಕು ಜರುಗಿದರೆ ಮತ್ತೆ ಕತ್ತರಿಸಿ ಸ್ಲೈಡ್ ಮಾಡುವುದು ಕಷ್ಟ. ಬ್ಲಾಕ್‌ಗಳನ್ನು ಸಣ್ಣ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ. ಒಂದು ಬ್ಲಾಕ್ ಊರಿನ ಲ್ಯಾಬಿನಲ್ಲೇ ಉಳಿಯಲಿ. ಸ್ಕ್ಯಾನ್‌ಗಳ ಫಿಲ್ಮ್ ಬೇಡ, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಇರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ.

ಪ್ರಶ್ನೆ: ಮಗಳಿಗೆ 7 ವರ್ಷ, ಥಲಸ್ಸೀಮಿಯಾ ಮೇಜರ್. ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತೇವೆ. ಜೀನ್ ಥೆರಪಿ ಮಾಡಿಸಿದರೆ ಪೂರ್ತಿ ಗುಣ, ಅಮೆರಿಕ ಇಲ್ಲವೇ ಸೌದಿಗೆ ಹೋಗಬೇಕು ಎಂದು ಓದಿದೆವು. ನಾಲ್ಕು ವರ್ಷದ ಮಗ ಆರೋಗ್ಯವಾಗಿದ್ದಾನೆ.
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನೀವು ಓದಿರುವ ಔಷಧ ಕ್ಯಾಸ್‌ಜೆವಿ. ಬ್ರಿಟನ್ 2023ರ ನವೆಂಬರಿನಲ್ಲಿ ಒಪ್ಪಿತು. ಥಲಸ್ಸೀಮಿಯಾಕ್ಕೆ ಅಮೆರಿಕ ಒಪ್ಪಿದ್ದು 2024ರ ಜನವರಿಯಲ್ಲಿ, ಅಲ್ಲಿ ಬೆಲೆ 22 ಲಕ್ಷ ಡಾಲರ್. ಆಗ ಕೊಟ್ಟ ಅನುಮತಿ 12 ವರ್ಷ ತುಂಬಿದವರಿಗೆ. ಅದರಲ್ಲೂ ಮಜ್ಜೆ ಖಾಲಿ ಮಾಡಲು ಬುಸಲ್ಫಾನ್ ಎಂಬ ಕಟುವಾದ ಕೀಮೋ ಕೊಡಲೇಬೇಕು, ಮುಂದೆ ಮಕ್ಕಳಾಗದಿರುವ ಅಪಾಯ ಅದರೊಂದಿಗೇ ಬರುತ್ತದೆ.

ನಿಮ್ಮ ಮನೆಯಲ್ಲೇ ಇರುವ ಆ ನಾಲ್ಕು ವರ್ಷದ ಹುಡುಗನತ್ತ ಮೊದಲು ನೋಡಿ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಅಂಗಾಂಶದ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದರೂ ಪರೀಕ್ಷೆ ಆಗುತ್ತದೆ. ಹುಡುಗ ಥಲಸ್ಸೀಮಿಯಾ ಮೈನರ್ (ವಾಹಕ ಮಾತ್ರ) ಆಗಿದ್ದರೂ ದಾನಿಯಾಗಲು ಅಡ್ಡಿಯಿಲ್ಲ, ಮೇಜರ್ ಇರಬಾರದು ಅಷ್ಟೆ. ಹೊಂದಿದರೆ ಅಸ್ಥಿಮಜ್ಜೆ ಕಸಿಯನ್ನು ವೆಲ್ಲೂರಿನ ಸಿಎಂಸಿ ಸೇರಿ ಹಲವು ಕಡೆ ಮಾಡುತ್ತಾರೆ. ಕೋಲ್ ಇಂಡಿಯಾದ ‘ಥಲಸ್ಸೀಮಿಯಾ ಬಾಲ ಸೇವಾ ಯೋಜನೆ’ಯಿಂದ 10 ಲಕ್ಷ ರೂಪಾಯಿವರೆಗೆ ನೆರವಿದೆ. ಅದಕ್ಕೆ ವಯಸ್ಸು ಮತ್ತು ಆದಾಯದ ಮಿತಿ ಇರುವುದರಿಂದ ತಡ ಮಾಡಬೇಡಿ.

ಇನ್ನು ಕಸಿ ಗೆಲ್ಲುವುದು, ಸೋಲುವುದು ಈಗಿನ ಆರೈಕೆಯ ಮೇಲೆ ನಿಂತಿದೆ. ಪ್ರತಿ ಬಾಟಲಿ ರಕ್ತದ ಜತೆ ದೇಹಕ್ಕೆ ಕಬ್ಬಿಣ ಸೇರುತ್ತದೆ. ಅದು ಯಕೃತ್ತಿನಲ್ಲಿ ಕೂತು ಯಕೃತ್ತು ಊದಿ ಗಟ್ಟಿಯಾಗುತ್ತ ಹೋದಂತೆ ಕಸಿಯ ಅಪಾಯ ಏರುತ್ತದೆ. ತಜ್ಞರು ನೋಡುವುದು ಮೂರನ್ನು: ಯಕೃತ್ತು ಪಕ್ಕೆಲುಬಿನಿಂದ 2 ಸೆಂಟಿಮೀಟರಿಗಿಂತ ಕೆಳಗೆ ಇಳಿದಿದೆಯೇ, ಅದರಲ್ಲಿ ನಾರು ಕಟ್ಟಿದೆಯೇ, ಕಬ್ಬಿಣ ಇಳಿಸುವ ಮದ್ದು ತಪ್ಪದೆ ಆಗಿದೆಯೇ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಫೆರಿಟಿನ್ (ದೇಹದ ಕಬ್ಬಿಣ ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಕಬ್ಬಿಣ ಇಳಿಸುವ ಡೆಫೆರಾಸಿರಾಕ್ಸ್ ಗುಳಿಗೆಯನ್ನು ‘ಜ್ವರ ಇತ್ತು, ಊರಿಗೆ ಹೋಗಿದ್ವಿ’ ಎಂದು ನಿಮ್ಮಷ್ಟಕ್ಕೆ ನೀವೇ ಬಿಡಿಸಬೇಡಿ, ನಿಲ್ಲಿಸಬೇಕೋ ಬೇಡವೋ ಡಾಕ್ಟರೇ ಹೇಳಲಿ. ರಕ್ತ ಹಾಕುವ ಮುಂಚೆ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ತಿಂಗಳ ಅಂತರ ಹೆಚ್ಚಾಯಿತು, ಮೂರು ವಾರಕ್ಕೆ ತನ್ನಿ. ಕಸಿಯ ಯೋಚನೆ ಇರುವುದರಿಂದ ಮನೆಯವರ ರಕ್ತವನ್ನು ಆಕೆಗೆ ಹಾಕಿಸಲೇಬೇಡಿ.

ಪ್ರಶ್ನೆ: ತಾಯಿಯವರ ಬೆನ್ನಿನ ಆಪರೇಷನ್‌ಗೆ ಬ್ಯಾಂಕಾಕ್ ಆಸ್ಪತ್ರೆಯ ಎಸ್ಟಿಮೇಟ್ ಬಂದಿದೆ. ಎರಡು ಹಂತದ ಫ್ಯೂಷನ್. ಅಣ್ಣ ದುಬೈಯಲ್ಲಿದ್ದು, ಖರ್ಚು ನಾನು ನೋಡ್ಕೋತೀನಿ ಅಂತಾನ. ಎಸ್ಟಿಮೇಟ್‌ನಲ್ಲಿ ಏನು ನೋಡಬೇಕು, ದುಡ್ಡು ಹೇಗೆ ಕಳಿಸಬೇಕು?
– ಬಸವಕಲ್ಯಾಣ

ಉತ್ತರ: ಈ ಆಪರೇಷನ್‌ಗೆ ಬ್ಯಾಂಕಾಕ್ ಯಾಕೆ ಎಂಬುದು ನಮಗೆ ಅರ್ಥವಾಗಲಿಲ್ಲ. ಅದೇ ಕಂಪನಿಗಳ ಸ್ಕ್ರೂಗಳು ಹೈದರಾಬಾದಿನಲ್ಲೂ ಸಿಗುತ್ತವೆ. ಹೋಗಲೇಬೇಕು ಎಂದಾದರೆ ಕಾಗದವನ್ನು ಸಾಲು ಸಾಲಾಗಿ ಓದಿ. ಎರಡು ಹಂತದ ಫ್ಯೂಷನ್ ಎಂದರೆ ಬೆನ್ನಿನ ಮೂರು ಮೂಳೆಗಳನ್ನು ಬೆಸೆಯುವುದು, ಮಾಮೂಲಾಗಿ ಆರು ಸ್ಕ್ರೂ, ಎರಡು ರಾಡ್. ಕೇಜ್ (ಮೂಳೆಗಳ ನಡುವೆ ಇಡುವ ತುಂಡು) ಹಾಕುವುದಾದರೆ ಎಷ್ಟು ಎಂದು ಬರೆದಿರಬೇಕು. ‘ಇಂಪ್ಲಾಂಟ್ ಬಳಸಿದಷ್ಟಕ್ಕೆ’ ಎಂದಿದ್ದರೆ ಆ ಎಸ್ಟಿಮೇಟ್ ಅರ್ಧ ಖಾಲಿ. ಅರಿವಳಿಕೆ, ನರದ ಮಾನಿಟರಿಂಗ್, ರಕ್ತ, ಐಸಿಯು ಎಷ್ಟು ದಿನ, ವಾರ್ಡ್ ಎಷ್ಟು ದಿನ, ಒಂದು ದಿನ ಹೆಚ್ಚಾದರೆ ಎಷ್ಟು, ಇವೆಲ್ಲ ಬೇರೆ ಬೇರೆ ಕೇಳಿ. ನರದ ಹೊದಿಕೆ ಹರಿದು ನೀರು ಸೋರುವುದು, ಗಾಯಕ್ಕೆ ಸೋಂಕು ತಗಲುವುದು ಈ ಆಪರೇಷನ್‌ನಲ್ಲಿ ಕಂಡುಬರುವ ತೊಡಕುಗಳು. ಎರಡನೇ ಸಲ ಒಳಗೆ ಹೋಗಬೇಕಾದರೆ ಪ್ಯಾಕೇಜ್‌ನಲ್ಲಿ ಸೇರಿದೆಯೋ ಇಲ್ಲವೋ ಲಿಖಿತವಾಗಿ ಇರಲಿ. ಬಹುತೇಕ ಸೇರಿರುವುದಿಲ್ಲ. ಎಸ್ಟಿಮೇಟ್‌ನ ಮೂರನೇ ಒಂದು ಭಾಗದಷ್ಟು ಹಣ ಕೈಯಲ್ಲಿ ಬೇರೆ ಇರಬೇಕು.

ಆಸ್ಪತ್ರೆಗೆ ಜೆಸಿಐ (ಆಸ್ಪತ್ರೆಗಳ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇದೆ ಎಂದು ಏಜೆಂಟರು ಒತ್ತಿ ಹೇಳುತ್ತಾರೆ. ಕೈ ತೊಳೆಯುವುದು, ಔಷಧದ ದಾಖಲೆ, ಸರಿಯಾದ ರೋಗಿಗೆ ಸರಿಯಾದ ಆಪರೇಷನ್ ಇಂಥ ವ್ಯವಸ್ಥೆಗೆ ಸಿಕ್ಕುವ ಪ್ರಮಾಣಪತ್ರ ಅದು. ನಿಮ್ಮ ಸರ್ಜನ್ನಿನ ಕೈ ಹೇಗೆ ಎಂಬುದನ್ನು ಅದು ಹೇಳುವುದಿಲ್ಲ. ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಎಷ್ಟು ಜನಕ್ಕೆ ಮತ್ತೆ ಮಾಡಬೇಕಾಯಿತು ಎಂದು ನೇರವಾಗಿ ಸರ್ಜನ್ನನ್ನೇ ವಿಡಿಯೊ ಕರೆಯಲ್ಲಿ ಕೇಳಿ. ಹೊರಡುವ ಮೊದಲೇ ಇಲ್ಲೊಬ್ಬ ಬೆನ್ನುಮೂಳೆ ತಜ್ಞರು ‘ಬಂದ ಮೇಲೆ ನಾನು ನೋಡುತ್ತೇನೆ’ ಎಂದು ಒಪ್ಪಿರಬೇಕು. ಬೇರೆಯವರು ಹಾಕಿದ ಸ್ಕ್ರೂ ಮುಟ್ಟಲು ಹಿಂಜರಿಯುವವರೇ ಹೆಚ್ಚು. ಇಂಪ್ಲಾಂಟ್‌ನ ಸ್ಟಿಕ್ಕರ್‌ಗಳನ್ನು ಬಿಡದೆ ತನ್ನಿ, ಮುಂದೆ ಎಂಆರ್‌ಐ ಮಾಡುವಾಗಲೂ ಕೇಳುತ್ತಾರೆ.

ಹಣವನ್ನು ಆಸ್ಪತ್ರೆಯ ಹೆಸರಿನ ಖಾತೆಗೇ ಕಳಿಸಿ, ಏಜೆಂಟರ ಖಾತೆಗೆ ಬೇಡ. ಇಲ್ಲಿಂದ ಕಳಿಸುವುದಾದರೆ ಬ್ಯಾಂಕಿನಲ್ಲಿ ಎ2 ಫಾರಂ, ಪ್ಯಾನ್, ಎಸ್ಟಿಮೇಟ್ ಬೇಕು. ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ, ಆಸ್ಪತ್ರೆಯ ಅಂದಾಜು ಅದನ್ನು ಮೀರಿದರೆ ಚಿಕಿತ್ಸೆಗೆಂದು ಹೆಚ್ಚು ಕಳಿಸಲು ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಅವಕಾಶವಿದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಟಿಸಿಎಸ್ (ಬ್ಯಾಂಕೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಉದ್ದೇಶದ ಕಾಲಂನಲ್ಲಿ ‘ವೈದ್ಯಕೀಯ ಚಿಕಿತ್ಸೆ’ ಎಂದೇ ಇರಲಿ, ಗುಮಾಸ್ತರು ಬೇರೆ ಉದ್ದೇಶ ತುಂಬಿದರೆ ಟಿಸಿಎಸ್ ದರ ಏರಬಹುದು. ಹಿಡಿದದ್ದು ರಿಟರ್ನ್ ಸಲ್ಲಿಸುವಾಗ ಹೊಂದಿಕೆಯಾಗುತ್ತದೆ. ವರ್ಗಾವಣೆಯ ಶುಲ್ಕವೆಲ್ಲ ನಮ್ಮದೇ ಎಂದು ಫಾರಂನಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ನಡುವಿನ ಬ್ಯಾಂಕುಗಳು ಮುರಿದುಕೊಂಡು ಠೇವಣಿ ಕಡಿಮೆ ಬಿತ್ತೆಂದು ಅಡ್ಮಿಷನ್ ನಿಲ್ಲುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಮೊದಲೇ ನಿಗದಿಯಾದ ಆಪರೇಷನ್‌ಗೆ ಕೊಡುವುದಿಲ್ಲ, ಆಯುಷ್ಮಾನ್ ಕಾರ್ಡು ದೇಶದ ಗಡಿ ದಾಟುವುದಿಲ್ಲ.

ಹೆಸರಿನ ವಿಷಯ. ಆಸ್ಪತ್ರೆ ಚೀಟಿಯಲ್ಲಿ ‘ಶರಣಮ್ಮ’, ಆಧಾರ್‌ನಲ್ಲಿ ‘ಶರಣಬಸಮ್ಮ’, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ನಮ್ಮ ಕಡೆ ಇದು ಮಾಮೂಲು. ದಾರಿಯಲ್ಲಿ ಅಣ್ಣನ ಮನೆಗೆ ಹೋಗುವ ಆಸೆಯಿದ್ದರೆ ನೆನಪಿಡಿ, ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಿಂದ ವಿಸಿಟ್ ವೀಸಾ ಕೊಡುತ್ತಿಲ್ಲ. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಆಮೇಲೆ ಎಸ್ಟಿಮೇಟನ್ನು ಅದೇ ಹೆಸರಿಗೆ ಮಾಡಿಸಿ.

ಪ್ರಶ್ನೆ: ಡಾಕ್ಟರು ಬರೆದ ಗುಳಿಗೆ ಭಾರತದಲ್ಲಿಲ್ಲ, ಜರ್ಮನಿಯಲ್ಲಿದೆ. ಅಲ್ಲಿಗೇ ಹೋಗಬೇಕೇನ್ರಿ?
– ಬೀದರ್

ಉತ್ತರ: ರೋಗಿ ಹೋಗಬೇಕಿಲ್ಲ, ಗುಳಿಗೆ ಬಂದರೆ ಸಾಕು. ಸ್ವಂತ ಬಳಕೆಗೆ ಔಷಧ ತರಿಸಲು ಡಾಕ್ಟರ ಚೀಟಿಯೊಂದಿಗೆ 12ಎ ನಮೂನೆಯಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ ಅರ್ಜಿ ಹಾಕಿದರೆ 12ಬಿ ಪರವಾನಗಿ ಕೊಡುತ್ತಾರೆ. ಅಲ್ಲಿಂದ ಬರುವ ರೋಗಿಯೇ ಸ್ವಂತಕ್ಕೆಂದು ಲಗೇಜಿನಲ್ಲಿ ತರುವುದಾದರೆ ಒಂದೊಂದು ಔಷಧ 100 ಡೋಸ್ ಮೀರಬಾರದು. ಕಾಯಿಲೆ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿದ್ದರೆ ಮೂಲ ಕಸ್ಟಮ್ಸ್ ಸುಂಕವೂ ಇಲ್ಲ, ಅದಕ್ಕೆ ಜಿಲ್ಲಾ ವೈದ್ಯಾಧಿಕಾರಿ ಅಥವಾ ಜಿಲ್ಲಾ ಸರ್ಜನ್ನರ ಪ್ರಮಾಣಪತ್ರ ಬೇಕು. ಔಷಧ 2ರಿಂದ 8 ಡಿಗ್ರಿಯಲ್ಲಿ ಇಡುವಂಥದ್ದಾದರೆ ಶಂಷಾಬಾದಿನಿಂದ ಬೀದರಿಗೆ ಬರುವ ಮೂರು ತಾಸಿನ ದಾರಿಗೆ ಜೆಲ್ ಪ್ಯಾಕ್ ಇಡಿ. ಮಂಜುಗಡ್ಡೆಗೆ ತಾಗಿಸಿಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ.

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ ಇರುವ ಮಗನಿಗೆ ವಿದೇಶದಲ್ಲಿ ಸ್ಟೆಮ್ ಸೆಲ್ ಕೊಡಿಸಬಹುದೇ?
– ಚಿತ್ತಾಪುರ

ಉತ್ತರ: ಬೇಡ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್ (ಕಾಂಡಕೋಶ) ಬಳಕೆಯೆಲ್ಲ ಸಂಶೋಧನೆಯೇ, ಚಿಕಿತ್ಸೆಯೆಂದು ಮಾರುವಂತಿಲ್ಲ. ಮಾರುವ ಕ್ಲಿನಿಕ್ ಹೊರಗಿದ್ದ ಮಾತ್ರಕ್ಕೆ ಪುರಾವೆ ಹುಟ್ಟುವುದಿಲ್ಲ. ಆ ದುಡ್ಡಿನಲ್ಲಿ ವರ್ಷಾನುಗಟ್ಟಲೆ ಫಿಸಿಯೋಥೆರಪಿ ಆಗುತ್ತದೆ. ಮಗ ಇನ್ನೂ ನಡೆಯುತ್ತಿಲ್ಲವಾದರೆ 6ರಿಂದ 12 ತಿಂಗಳಿಗೊಮ್ಮೆ ಸೊಂಟದ ಎಕ್ಸ್‌ರೇ ತೆಗೆಸಿ. ತೊಡೆಮೂಳೆ ಗುಳಿಯಿಂದ ಮೆಲ್ಲಗೆ ಜಾರುವುದು ನೋವು ಶುರುವಾಗುವವರೆಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಕೂದಲು ಕಸಿಗೆ ಟರ್ಕಿ?
– ಹುಮನಾಬಾದ್

ಉತ್ತರ: ಹಿಂದಲೆಯ ಬೇರುಗಳು ಒಂದೇ ಸಲ ಖರ್ಚಾಗುವ ಬಂಡವಾಳ. ‘ಐದು ಸಾವಿರ ಗ್ರಾಫ್ಟ್ ಒಂದೇ ದಿನ’ ಎನ್ನುವ ಕಡೆ ಡಾಕ್ಟರು ಗೆರೆ ಎಳೆದು ಹೋಗಿ, ಉಳಿದದ್ದನ್ನು ಟೆಕ್ನಿಷಿಯನ್ನರೇ ಮಾಡುವುದುಂಟು. ಫಲ ಕಾಣಲು 9ರಿಂದ 12 ತಿಂಗಳು ಬೇಕು, ಅಷ್ಟರಲ್ಲಿ ಏನಾದರೂ ಆದರೆ ಇಸ್ತಾಂಬುಲ್‌ಗೆ ಮತ್ತೆ ಹೋಗುತ್ತೀರಾ?

ಪ್ರಶ್ನೆ: ಆಪರೇಷನ್ ಆದ ಎಷ್ಟು ದಿನಕ್ಕೆ ವಿಮಾನ ಹತ್ತಬಹುದು? ಅತ್ತೆಯವರಿಗೆ ಮನೆಯಲ್ಲಿ ಆಕ್ಸಿಜನ್ ಮಷೀನು ಬೇರೆ ಇದೆ.
– ಸೇಡಂ

ಉತ್ತರ: ತೊಡಕಿಲ್ಲದ ಲ್ಯಾಪರೋಸ್ಕೋಪಿಗೆ 4-5 ದಿನ, ಹೊಟ್ಟೆ ಕೊಯ್ದಿದ್ದರೆ ಅಥವಾ ಎದೆ, ಹೃದಯದ ದೊಡ್ಡ ಆಪರೇಷನ್ ಆಗಿದ್ದರೆ ಕನಿಷ್ಠ 10 ದಿನ. ವಿಮಾನದೊಳಗಿನ ಗಾಳಿ 6ರಿಂದ 8 ಸಾವಿರ ಅಡಿ ಬೆಟ್ಟದ ಮೇಲಿನಷ್ಟು ತೆಳು. ಕೂತಲ್ಲೇ ಆಕ್ಸಿಜನ್ ಮಟ್ಟ 92ಕ್ಕಿಂತ ಕಡಿಮೆ ಇರುವವರಿಗೆ ಮೇಲೆ ಆಕ್ಸಿಜನ್ ಬೇಕೇ ಬೇಕು. ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿದ್ದರೆ ಡಾಕ್ಟರ ಒಪ್ಪಿಗೆ ಇಲ್ಲದೆ ಹೊರಡಬೇಡಿ. ಸ್ವಂತ ಸಿಲಿಂಡರ್ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಏರ್‌ಲೈನ್ ಒಪ್ಪಿದ ಪೋರ್ಟೆಬಲ್ ಕಾನ್ಸಂಟ್ರೇಟರ್ ಬೇಕು. ಬ್ಯಾಟರಿಯೂ ಪ್ರಯಾಣದ ಒಂದೂವರೆಪಟ್ಟು ಹೊತ್ತಿಗೆ ಸಾಲಬೇಕು. ಮನೆಯ ದೊಡ್ಡ ಮಷೀನು ಅಲ್ಲಿ ನಡೆಯುವುದಿಲ್ಲ. ಟಿಕೆಟ್ ತೆಗೆದ ತಕ್ಷಣ ಏರ್‌ಲೈನಿನಿಂದ ‘ಮೆಡಿಫ್’ ಫಾರಂ ತರಿಸಿ ಡಾಕ್ಟರಿಂದ ತುಂಬಿಸಿ. ನಡುವೆ ವಿಮಾನ ಬದಲಿಸುವುದಾದರೆ ಎರಡೂ ಏರ್‌ಲೈನ್ ಒಪ್ಪಬೇಕು. ಔಷಧಗಳು ಚೀಟಿಯ ಸಮೇತ ಕೈಚೀಲದಲ್ಲಿರಲಿ. ದುಬೈನಲ್ಲಿ ಇಳಿದು ಹೊರಗೆ ಹೋಗುವವರ ಬಳಿ ಟ್ರಮಡಾಲ್ ಅಥವಾ ಕೊಡೀನ್ ಇದ್ದರೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆದಿರಬೇಕು.