ಗೆಲ್ಲೋ ಕನ್ಸೋಲ್ ಯಾವುದು? ನನ್ನ 2007ರ ಬೆಟ್ಟೇ ಇನ್ನೂ ಇತ್ಯರ್ಥ ಆಗಿಲ್ಲ

ನಿಮ್ ಪ್ರಶ್ನೆ ನೋಡಿ ನಗು ಬಂತು, ತಪ್ಪು ತಿಳ್ಕೋಬೇಡಿ. ಸೋನಿದು ಪಿಎಸ್5 (ಪ್ಲೇಸ್ಟೇಷನ್ 5), ಮೈಕ್ರೋಸಾಫ್ಟ್‌ದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ನಿಂಟೆಂಡೋದು ಸ್ವಿಚ್ 2, ಗೇಮ್ ಆಡೋ ಈ ಮೂರು ಕನ್ಸೋಲ್‌ಗಳಲ್ಲಿ ಕೊನೆಗೆ ಗೆಲ್ಲೋದು ಯಾವ್ದು ಹೇಳಿ ಅದನ್ನೇ ತಗೋತೀನಿ, ಸೋಲೋ ಕುದುರೆ ಬಾಲಕ್ಕೆ ಐವತ್ತು ಸಾವಿರ ಕಟ್ಟೋಕೆ ಮನಸ್ಸಿಲ್ಲ ಅಂತ ಕೇಳಿದೀರಲ್ಲ, ಇದೇ ಪ್ರಶ್ನೆ ಇಟ್ಕೊಂಡು 2007ರಲ್ಲಿ ನಾನೂ ನನ್ನ ರೂಮ್‌ಮೇಟೂ ಎಷ್ಟು ರಾತ್ರಿ ಕಿತ್ತಾಡಿದೀವೋ ಲೆಕ್ಕ ಇಲ್ಲ.

ಆವಾಗ ವಿಜಯನಗರದಲ್ಲಿ ಒಂದು ರೂಮು, ಮೂರು ಜನ, ಒಂದು ಸೆಕೆಂಡ್ ಹ್ಯಾಂಡ್ ಟಿವಿ, ಅದಕ್ಕೆ ನಕಲಿ ಡಿಸ್ಕೂ ಓಡ್ಲಿ ಅಂತ ಚಿಪ್ ಹಾಕ್ಸಿದ ಪಿಎಸ್2. ಮೆಜೆಸ್ಟಿಕ್ ಕಡೆ ಹೋದ್ರೆ ನೂರು ರೂಪಾಯಿಗೆ ಡಿಸ್ಕ್ ಸಿಗ್ತಿತ್ತು, ಅಸಲಿನೋ ನಕಲಿನೋ ಅಂತ ಯಾರೂ ಕೇಳ್ತಿರ್ಲಿಲ್ಲ (ಈಗ ಹೇಳ್ಕೊಳ್ಳೋಕೆ ನಾಚಿಕೆ, ಆದ್ರೂ ನಿಜ). ರೂಮ್‌ಮೇಟು ಎಕ್ಸ್‌ಬಾಕ್ಸ್ 360 ಪಾರ್ಟಿ. ಅವನ ವಾದ ಏನಂದ್ರೆ ಅದು 2005ರ ನವೆಂಬರ್‌ನಲ್ಲೇ ಬಂದಿದೆ, ಒಂದು ವರ್ಷ ಮುಂದಿದೆ, ಇಂಡಿಯಾದಲ್ಲೂ 2006ರಲ್ಲೇ ಬಿಟ್ರು, ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಇಬ್ರನ್ನೂ ಜಾಹೀರಾತಿಗೆ ಹಾಕೊಂಡಿದಾರೆ, ಇನ್ನೇನ್ ಬೇಕು ಕಣೋ ಅಂತ. ನಾನು ಪಿಎಸ್3. ನಂದು ಇನ್ನೂ ಸಿಂಪಲ್, ಪಿಎಸ್2 ಮಾರಾಟ ಆಗ್ಲೇ 10 ಕೋಟಿ ದಾಟಿ ಹೋಗಿತ್ತು, ಅಷ್ಟೂ ಜನ ಮುಂದಿನದನ್ನೂ ಸೋನಿದೇ ತಗೋತಾರೆ, ಮುಗೀತು. ಬೆಟ್ ಕಟ್ಟಿದ್ವಿ, ಸೋತವನು ಒಂದು ತಿಂಗಳು ಪೂರ್ತಿ ಬೆಳಗ್ಗೆ ತಿಂಡಿ ಕೊಡಿಸ್ಬೇಕು. ಮಜಾ ಅಂದ್ರೆ ಇಬ್ರ ಹತ್ರನೂ ಎರಡರಲ್ಲಿ ಒಂದೂ ಇರ್ಲಿಲ್ಲ, ತಗೊಳ್ಳೋ ಯೋಗ್ಯತೆನೂ ಇರ್ಲಿಲ್ಲ. 2007ರ ಏಪ್ರಿಲ್‌ನಲ್ಲಿ ಪಿಎಸ್3 ಇಲ್ಲಿಗೆ ಬಂದಾಗ ಬೆಲೆ 39,990, ನನ್ನ ಕೈಗೆ ಬರ್ತಿದ್ದ ಸಂಬಳ ಹನ್ನೊಂದು ಸಾವಿರ.

ಅಮೆರಿಕದವರಿಗೂ ಅದು ದುಬಾರಿನೇ ಆಗಿತ್ತು, 60 ಜಿಬಿದು 599 ಡಾಲರ್. ಪ್ಲೇಸ್ಟೇಷನ್ನಿನ ಜನಕ ಕೆನ್ ಕುಟರಾಗಿ ಅದಕ್ಕೂ ಮುಂಚೆನೇ, ಇನ್ನೊಂದಷ್ಟು ಹೊತ್ತು ಜಾಸ್ತಿ ದುಡಿದಾದ್ರೂ ತಗೋಬೇಕು ಅಂತ ಜನಕ್ಕೆ ಅನ್ನಿಸ್ಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಪಿಎಸ್2 ಗೆದ್ದ ಜೋಶ್ ಅದು, ತಲೆಗೇರಿತ್ತು. ಬ್ಲೂ-ರೇ ಅಂತ ಹೊಸ ತರದ ಡಿಸ್ಕ್ ಓದೋ ಡ್ರೈವ್ ಹಾಕಿದ್ರು, ಸೆಲ್ ಅಂತ ಒಂದು ಪ್ರೊಸೆಸರ್ ಹಾಕಿದ್ರು, ಅದಕ್ಕೆ ಗೇಮ್ ಬರೆಯೋಕೆ ಡೆವಲಪರ್‌ಗಳು ತಿಣುಕಾಡಿಬಿಟ್ರು. ಆ ಕಡೆ 360ಗೆ ಕೆಂಪು ಲೈಟ್ ಹತ್ಕೊಂಡು ಮಷಿನ್ನೇ ಕೆಟ್ಟುಹೋಗೋ ಕಾಟ ಶುರುವಾಯ್ತು, ಮೈಕ್ರೋಸಾಫ್ಟ್ 2007ರ ಜುಲೈನಲ್ಲಿ ವಾರಂಟಿನ ಮೂರು ವರ್ಷಕ್ಕೆ ಏರಿಸಿ ಅದಕ್ಕೇ ಅಂತ ನೂರು ಕೋಟಿ ಡಾಲರ್‌ಗೂ ಜಾಸ್ತಿ ತೆಗೆದಿಟ್ಟಿತು. ಅವತ್ತು ರೂಮಲ್ಲಿ ನನ್ನ ಕುಣಿತ ನೋಡ್ಬೇಕಿತ್ತು ನೀವು.

ಇಬ್ರೂ ಹೀಗೆ ಒಬ್ಬರ ಕಾಲು ಒಬ್ಬರು ಎಳೀತಿರ್ಬೇಕಾದ್ರೆ ಗೆದ್ದಿದ್ದು ಯಾರು ಗೊತ್ತಾ? ನಿಂಟೆಂಡೋ ವೀ. 250 ಡಾಲರ್, ಎಚ್‌ಡಿ ಕೂಡ ಇಲ್ಲ, ಕೈಯಲ್ಲಿ ಒಂದು ರಿಮೋಟ್ ಹಿಡ್ಕೊಂಡು ಬೀಸಿದ್ರೆ ಟಿವಿಯಲ್ಲಿ ಬೌಲಿಂಗ್. ನಾವಿಬ್ರೂ ಅದನ್ನ ಕಣ್ಣಲ್ಲೂ ನೋಡಿರ್ಲಿಲ್ಲ, ನಮ್ಮ ಜಗಳದಲ್ಲಿ ಅದರ ಹೆಸರೇ ಬರ್ತಿರ್ಲಿಲ್ಲ, ಬಂದ್ರೂ ಮಕ್ಕಳಾಟಿಕೆ ಅಂತ ನಗ್ತಿದ್ವಿ. 10 ಕೋಟಿ 16 ಲಕ್ಷ ಮಾರಾಟ ಆಯ್ತು. ಗೇಮೇ ಆಡದ ಅಮ್ಮಂದಿರು ಅಜ್ಜಂದಿರೆಲ್ಲ ಆಡಿದ್ರು, ಅವರನ್ನ ನಾವು ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

ಸರಿ, ವೀ ಗೆಲ್ತು, ಹಂಗಾದ್ರೆ ವೀ ತಗೊಂಡವರು ಜಾಣರಾ? ಕೋರ್ಟ್ ಕೇಸಿಗೆ ಹೇಳ್ತಾರಲ್ಲ, ಗೆದ್ದವನು ಸೋತ ಸೋತವನು ಸತ್ತ ಅಂತ, ಇಲ್ಲೂ ಸುಮಾರು ಹಂಗೇನೇ. 2012ರಲ್ಲಿ ವೀ ಯು ಅಂತ ಬಿಟ್ರು, ಅದು ಹೊಸ ಕನ್ಸೋಲೋ ಹಳೇದಕ್ಕೆ ಹಾಕೋ ಬಿಡಿಭಾಗವೋ ಅಂತ ಜನಕ್ಕೆ ತಿಳೀಲೇ ಇಲ್ಲ, 1 ಕೋಟಿ 35 ಲಕ್ಷಕ್ಕೆ ನಿಂತುಹೋಯ್ತು. ಅಮೆರಿಕದಲ್ಲಿ 360 ಚೆನ್ನಾಗಿ ಓಡಿದ್ದಕ್ಕೆ ಮೈಕ್ರೋಸಾಫ್ಟ್‌ಗೂ ಅದೇ ಜ್ವರ ಬಂತು, 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್, ದಿನಕ್ಕೊಂದ್ಸಲ ಇಂಟರ್ನೆಟ್‌ಗೆ ಕನೆಕ್ಟ್ ಆಗ್ಲೇಬೇಕು, ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗೆ ಕಟ್ಟುನಿಟ್ಟು ಅಂದ್ರು. ಸೋನಿ ಏನ್ಮಾಡ್ತು, ಫ್ರೆಂಡ್‌ಗೆ ಗೇಮ್ ಕೊಡೋದು ಹೇಗೆ ಅಂತ ಒಂದು ಪುಟಾಣಿ ವಿಡಿಯೋ ಬಿಡ್ತು: ಒಬ್ಬ ಡಿಸ್ಕ್ ಕೊಡ್ತಾನೆ, ಇನ್ನೊಬ್ಬ ಇಸ್ಕೋತಾನೆ, ಅಷ್ಟೇ. ಪಿಎಸ್4 ಬೆಲೆ 399. ಮೈಕ್ರೋಸಾಫ್ಟ್ ಆ ತಿಂಗಳಲ್ಲೇ ರೂಲ್ಸ್ ವಾಪಸ್ ತಗೊಂಡ್ರೂ ಹೋದ ಮಾನ ಬರ್ಲಿಲ್ಲ. ಡಿಸ್ಕ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗ್ತಾನೇ ಇರೋ ನಮ್ಮೂರಿನಲ್ಲಿ ಆ ವಿಡಿಯೋಗೆ ನಾವು ಶಿಳ್ಳೆ ಹೊಡೆದಿದ್ದೇ ಹೊಡೆದಿದ್ದು.

ಈಗಿನ ವಿಷಯಕ್ಕೆ ಬರ್ತೀನಿ. ಪಿಎಸ್5 ಮಾರಾಟ 8 ಕೋಟಿ ದಾಟಿದೆ, ಎಕ್ಸ್‌ಬಾಕ್ಸ್‌ನವರು ಕನ್ಸೋಲ್ ಎಷ್ಟು ಮಾರಾಟ ಆಯ್ತು ಅಂತ ಹೇಳೋದನ್ನೇ ಎಷ್ಟೋ ವರ್ಷದ ಹಿಂದೆ ಬಿಟ್ಟಿದಾರೆ, ಅಲ್ಲೇ ಗೊತ್ತಾಗುತ್ತಲ್ವಾ. ಮೊದಲೆಲ್ಲ ಪ್ರತಿ ಜನರೇಶನ್‌ಗೂ (ಅಂದ್ರೆ ಹೊಸ ಕನ್ಸೋಲ್‌ಗಳ ಸುತ್ತಿಗೂ) ಸ್ಲೇಟ್ ಒರೆಸಿ ಶುರು ಮಾಡ್ದಂಗಿತ್ತು, ಈಗ ಹಂಗಿಲ್ಲ, ಪಿಎಸ್4 ಕಾಲದಲ್ಲಿ ಜನ ಡಿಜಿಟಲ್‌ನಲ್ಲಿ ತಗೊಂಡ ಗೇಮೆಲ್ಲ ಪಿಎಸ್5ಗೆ ಹಿಂದೇನೇ ಬಂತು, ಅದನ್ನ ಬಿಟ್ಟು ಬೇರೆ ಮನೆಗೆ ಯಾರು ಹೋಗ್ತಾರೆ. ಸೋಲಬಾರದ ಜನರೇಶನ್ನನ್ನೇ ಸೋತ್ವಿ ಅಂತ ಆಗ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ರೇ 2023ರಲ್ಲಿ ಒಪ್ಕೊಂಡ್ರು. ಅದೇ ವರ್ಷ 6870 ಕೋಟಿ ಡಾಲರ್ ಸುರಿದು ಆಕ್ಟಿವಿಷನ್ ಬ್ಲಿಝರ್ಡ್ ಅನ್ನೋ ಗೇಮ್ ಕಂಪನಿನ ಕೊಂಡ್ಕೊಂಡ್ರು, 2024ರಿಂದ ಎಕ್ಸ್‌ಬಾಕ್ಸ್‌ಗೇ ಅಂತ ಇದ್ದ ಗೇಮ್‌ಗಳು ಒಂದೊಂದಾಗಿ ಪಿಎಸ್5ಗೂ ಬರ್ತಾ ಇದಾವೆ. ಎದುರಾಳಿ ಅಂಗಡಿಯಲ್ಲೇ ಸಾಮಾನು ಮಾರೋಕೆ ನಿಂತ ಮೇಲೆ ಯುದ್ಧ ಎಲ್ಲಿ ಬಂತು. ಸ್ವಿಚ್ 2 ಮೊದಲ ನಾಲ್ಕೇ ದಿನಕ್ಕೆ 35 ಲಕ್ಷ ಹೋಯ್ತು, ಅದರ ದಾರಿನೇ ಬೇರೆ. ಆದ್ರೆ ನಿಂಟೆಂಡೋ ಅದನ್ನ ನಮ್ಮ ದೇಶದಲ್ಲಿ ಅಫಿಶಿಯಲ್ಲಾಗಿ ಮಾರಲ್ಲ, ಹೊರಗಿಂದ ತರ್ಸಿದ್ದನ್ನ ತಗೋಬೇಕು, ಕೆಟ್ರೆ ವಾರಂಟಿ ಕೇಳೋಕೆ ಯಾರೂ ಇರಲ್ಲ, ಅದನ್ನ ನೋಡ್ಕೊಂಡು ಕೈ ಹಾಕಿ.

ನನ್ನ ಕೇಳಿದ್ರೆ ನಿಮ್ಮ ಫ್ರೆಂಡ್ಸ್ ಯಾವುದರಲ್ಲಿ ಆಡ್ತಾರೋ ಅದನ್ನ ತಗೊಳ್ಳಿ. ಯಾರೂ ಆಡಲ್ಲ ಅಂದ್ರೆ ಡಿಸ್ಕ್ ಡ್ರೈವ್ ಇರೋ ಪಿಎಸ್5 ತಗೊಳ್ಳಿ. ಡ್ರೈವ್ ಇಲ್ದೇ ಇರೋದು ಕಮ್ಮಿಗೆ ಸಿಗುತ್ತೆ ನಿಜ, ಆದ್ರೆ ಹೊಸ ಗೇಮ್ ನಾಲ್ಕೈದು ಸಾವಿರ ಇರ್ಬೇಕಾದ್ರೆ ಆಡಿ ಮುಗಿಸಿ ಮಾರಿ ಇನ್ನೊಂದು ತಗೊಳ್ಳೋ ದಾರಿ ಮುಚ್ಕೋಬೇಡಿ, ಉಳಿಸಿದ ದುಡ್ಡು ಮೂರು ಗೇಮಿಗೆ ತೀರಿಹೋಗುತ್ತೆ.

ಅಂದಂಗೆ ನಮ್ ಬೆಟ್. ಪಿಎಸ್3 ಒಟ್ಟು 8 ಕೋಟಿ 74 ಲಕ್ಷ, 360ದು 8 ಕೋಟಿ 40 ಲಕ್ಷ, ನಾನೇ ಗೆದ್ದೆ, ತಿಂಡಿ ಕೊಡ್ಸು ಅಂತ ಪ್ರತಿ ಯುಗಾದಿಗೆ ಮೆಸೇಜ್ ಹಾಕ್ತೀನಿ. ಅವನು ಒಪ್ಪಲ್ಲ. ಮೈಕ್ರೋಸಾಫ್ಟ್ ಆ ಲೆಕ್ಕ ಕೊಟ್ಟಿದ್ದು 2014ರಲ್ಲಿ, 360 ತಯಾರಿಕೆ ನಿಂತಿದ್ದು 2016ರಲ್ಲಿ, ಮಧ್ಯದ ಎರಡು ವರ್ಷದ್ದು ಎಲ್ಲಿ ಹೋಯ್ತು ಲೆಕ್ಕ ತಗೊಂಡ್ ಬಾ ಆಮೇಲೆ ದೋಸೆ ಕೇಳು ಅಂತಾನೆ.