ಬೀಡಿನ ಪೈಪನ್ನು ಒಡೆಯಬೇಡಿ, ಮೇಲಿನಿಂದ ಇಳಿಸಿ

ಪ್ರಶ್ನೆ: ನಮ್ಮ ತಂದೆ ಕಟ್ಟಿಸಿದ ಎರಡಂತಸ್ತಿನ ಮನೆಯ ಹಿಂಗೋಡೆಯಲ್ಲಿ ಶೌಚಾಲಯದ ನಾಲ್ಕಿಂಚಿನ ಬೀಡು ಕಬ್ಬಿಣದ ಪೈಪು ಇದೆ. ಮುಂದಿನಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಳಗೋಡೆ ಸದಾ ತೇವ. ಸುತ್ತಿಗೆಯಿಂದ ಒಡೆದು ಹಾಕಿದರೆ ಅರ್ಧ ದಿನದ ಕೆಲಸ ಎನ್ನುತ್ತಾರೆ ಮೇಸ್ತ್ರಿ. ಒಪ್ಪಬಹುದೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ದಯವಿಟ್ಟು ಒಪ್ಪಬೇಡಿ. ಬೀಡು ಬಾಗುವುದಿಲ್ಲ, ಸಿಡಿಯುತ್ತದೆ. ಆರಡಿಯ ಒಂದು ತುಂಡೇ ಇಪ್ಪತ್ತು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಕೆಳಗಿನದನ್ನು ಒಡೆದರೆ ಮೇಲಿನ ಭಾರವೆಲ್ಲ ಹಳೆಯ ಮೊಳೆಗಳ ಮೇಲೆ ಬೀಳುತ್ತದೆ. ಅವು ಕಿತ್ತು ಬಂದರೆ ಕೆಳಗೆ ನಿಂತವನ ಗತಿ ಏನು? ಕಟ್ಟಡ ಕೆಲಸದಲ್ಲೇ ಕೂದಲು ಹಣ್ಣಾದ ನಾನು ಈ ಒಂದು ವಿಷಯದಲ್ಲಿ ಯಾರ ಅವಸರಕ್ಕೂ ಮಣಿಯುವವನಲ್ಲ.

ಮುಂದಿನಿಂದ ಚೆನ್ನಾಗಿ ಕಾಣುವುದಕ್ಕೂ ಕಾರಣವಿದೆ. ಗೋಡೆಗೆ ಅಂಟಿದ ಬೆನ್ನಿನ ಕಡೆಗೆ ಬಣ್ಣದ ಕುಂಚ ಹೋಗಿಯೇ ಇರುವುದಿಲ್ಲ. ಸಣ್ಣ ಕನ್ನಡಿ ಹಿಡಿದು ಆ ಸಂದಿಯಲ್ಲಿ ನೋಡಿ: ತುಕ್ಕು ಪದರಪದರವಾಗಿ ಎದ್ದಿರುತ್ತದೆ, ಪಾಚಿ ಕಟ್ಟಿದ ಕಡೆಯೇ ಸೋರಿಕೆ. ಬೀಗದ ಕೈಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಪೈಪು ಗಂಟೆಯಂತೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಅಯಸ್ಕಾಂತವನ್ನೂ ಹಚ್ಚಿ ನೋಡಿ. ಅಂಟದೆ ಹೋದರೆ ಅದು ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಪೈಪು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ, ಅದಕ್ಕೆ ಗರಗಸ ಮುಟ್ಟಿಸಲೇಬೇಡಿ.

ಬೀಡೇ ಆಗಿದ್ದರೆ, ಸಾರ್ವೆ ಕಟ್ಟಿಸಿ. ಏಣಿಯ ಮೇಲೆ ನಿಂತು ಮಾಡುವ ಕೆಲಸ ಇದಲ್ಲ. ಪ್ರತಿ ತುಂಡಿನ ಮೇಲ್ತುದಿಯಲ್ಲಿ ಅಗಲವಾದ ಬಾಯಿ, ಅದರ ಎರಡು ಬದಿಗೆ ಮೊಳೆ ಹೊಡೆದ ಕಿವಿಗಳು ಇರುತ್ತವೆ. ತುತ್ತತುದಿಯ ತುಂಡಿನ ಬಾಯಿಯ ಕೆಳಗೆ ಹಗ್ಗ ಬಿಗಿದು ತಾರಸಿಯ ಗಟ್ಟಿ ಆಧಾರಕ್ಕೆ ಕಟ್ಟಿ, ತಾರಸಿ ಅಂಚಿನ ಕೈಪಿಡಿ ಗೋಡೆಗೆ (ಪ್ಯಾರಪೆಟ್) ಬೇಡ. ಆ ತುಂಡಿನ ಬುಡವನ್ನು ಕೆಳಗಿನ ಬಾಯಿಯಿಂದ ಒಂದಿಂಚು ಮೇಲೆ ಗ್ರೈಂಡರಿನಿಂದ ಕತ್ತರಿಸಿ, ಆಮೇಲೆ ಕಿವಿಯ ಮೊಳೆಗಳನ್ನು ಕೊಯ್ದು ಇಬ್ಬರು ಸೇರಿ ನಿಧಾನವಾಗಿ ಇಳಿಸಲಿ. ಮೊಳೆ ಎಳೆಯಬೇಡಿ, ಅದರ ಮರದ ಬೆಣೆಯ ಜೊತೆ ಇಟ್ಟಿಗೆಯೂ ಬರುತ್ತದೆ. ಹೀಗೆ ಒಂದೊಂದಾಗಿ ಕೆಳಗೆ ಬನ್ನಿ.

ಬಾಯಿಯ ಸಂದಿಗೆ ಸೆಣಬಿನ ಹುರಿ ತುರುಕಿ ಸೀಸ ಹೊಯ್ದಿರುತ್ತಾರೆ. ಬೆಂಕಿ ಹಿಡಿದು ಅದನ್ನು ಕರಗಿಸಲು ಬಿಡಬೇಡಿ, ಹೊಗೆ ಮಕ್ಕಳಿಗೂ ಕೆಲಸಗಾರರಿಗೂ ಕೆಡುಕು. ಹಳೆಯ ಬಣ್ಣದಲ್ಲೂ ಸೀಸ ಇರಬಹುದು. ಮನೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಒಣಗಿದ್ದಾಗ ಉಜ್ಜಬೇಡಿ.

ಗೋಡೆಯಿಂದ ಹೊರಬರುವ ಕಮೋಡಿನ ಕೊಳವೆಯನ್ನು ಬಡಿದರೆ ಕಮೋಡೇ ಸೀಳುತ್ತದೆ. ನಾಲ್ಕಿಂಚು ಉಳಿಸಿ ಕತ್ತರಿಸಿ, ರಬ್ಬರ್ ಜೋಡಣೆಯಿಂದ ಪಿವಿಸಿಗೆ ಸೇರಿಸಿ. ನಮ್ಮ ಬಿಸಿಲಿಗೆ ಪಿವಿಸಿ ಹಿಗ್ಗುತ್ತದೆ, ರಬ್ಬರ್ ರಿಂಗಿನ ಸಂದಿಯೊಳಗೆ ಒಂದು ಸೆಂಟಿಮೀಟರ್ ಜಾಗ ಬಿಡಿಸಿ. ಗಾಳಿಕೊಳವೆ ತಾರಸಿ ದಾಟಿ ಮೇಲಿರಲಿ. ಸುಣ್ಣದ ಗಾರೆಯ ಗೋಡೆಯಾದರೆ ತೂತುಗಳಿಗೆ ಅದೇ ಗಾರೆಯನ್ನು ತುಂಬಿಸಿ, ಒಳಗಿನ ತೇವ ಒಣಗಿದ ಮೇಲೆ ಮಾತ್ರ ಬಣ್ಣ. ಮುಂಗಾರಿಗೆ ಮುನ್ನ ಮುಗಿಸಿಕೊಳ್ಳಿ. ಪೈಪಿನ ಬುಡದ ಮಲಗುಂಡಿ ಕಟ್ಟಿಕೊಂಡಿದ್ದರೆ ಯಂತ್ರ ಕರೆಸಿ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕಿಂತ ಮುಂಚೆ ಅದು ಅನ್ಯಾಯ.

ಪ್ರಶ್ನೆ: ನಮ್ಮ ಕಲ್ಲುಗೋಡೆಯ ಮನೆಯಲ್ಲಿ ಮಳೆನೀರಿಗೆ ಮಾತ್ರ ಬೀಡಿನ ಪೈಪು ಇದೆ. ತೆಗೆಸಲೇಬೇಕೇ?
– ಓದುಗರು, ಚಿತ್ರದುರ್ಗ

ಉತ್ತರ: ತಟ್ಟಿದಾಗ ನಾದ ಬಂದರೆ ಬೇಡ. ಅಷ್ಟು ದಪ್ಪದ ಪೈಪು ಹೊಸದಾಗಿ ಹಾಕಿಸಲು ದುಬಾರಿ. ತುಕ್ಕು ತಡೆಯುವ ಬಣ್ಣ ಹೊಡೆಸಿ, ಬುಡವನ್ನು ಚರಂಡಿಗೆ ಬಿಡುವ ಬದಲು ಇಂಗುಗುಂಡಿಗೆ ತಿರುಗಿಸಿ. ದುರ್ಗದಂಥ ಬರದ ನಾಡಿನಲ್ಲಿ ತಾರಸಿಯ ನೀರು ಬೀದಿಗೆ ಹೋಗುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಸೀಸದ ಸಂದಿಗಳಿರುವುದರಿಂದ ಕುಡಿಯಲು ಮಾತ್ರ ಆ ನೀರು ಬೇಡ.